ಕೆರೆಗೆ ಬಡಾವಣೆ ಚರಂಡಿ, ಅಂತರಗಂಗೆ, ಬೆಳಗಿನ ಜಾವ ಸಾಯೋ ಮೀನು: ಇರೋ ದುಡ್ಡಲ್ಲಿ ಮೊದಲು ಯಾವುದಕ್ಕೆ ಕೈ ಹಾಕೋದು?

ಏರಿಮೇಲೆ (ದಾವಣಗೆರೆ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹೊರವಲಯದ ಒಂದು ಕೆರೆ ವಿಚಾರಕ್ಕೆ ತಿಳಿದವರ ಸಲಹೆ ಬೇಕು. ಪಹಣಿಯಲ್ಲಿ 42 ಎಕರೆ. ತುಂಬಿದಾಗ ಸರಾಸರಿ ಐದಡಿ ನೀರು. ಮೇಲಿನ ಗದ್ದೆಗಳಿಂದ ಭದ್ರಾ ನಾಲೆಯ ಬಸಿನೀರು ಬರುತ್ತೆ, ಮಳೆಗಾಲದಲ್ಲಿ ಹಳ್ಳ ಬರುತ್ತೆ. ಈಗ ಹಳ್ಳದ ಪಕ್ಕ ಎದ್ದಿರೋ ಬಡಾವಣೆಗಳ ಚರಂಡಿಯೂ ಅದೇ ಹಳ್ಳಕ್ಕೆ ಸೇರಿಕೊಂಡಿದೆ. ಸುಮಾರು 600 ಮನೆ, 2,500 ಜನ. ಒಳಚರಂಡಿ ಇನ್ನೂ ಬಂದಿಲ್ಲ. ಬಚ್ಚಲು ನೀರು, ಸೆಪ್ಟಿಕ್ ಟ್ಯಾಂಕ್ ಉಕ್ಕಿದ ನೀರು ಎರಡೂ ಸೀದಾ ಬೀಳುತ್ತೆ.

ಈಗಿನ ಸ್ಥಿತಿ: ಕೆರೆಯ ಮೂರನೇ ಒಂದು ಭಾಗ ಅಂತರಗಂಗೆ. ಉಳಿದ ನೀರು ಗಾಢ ಹಸಿರು, ಮಧ್ಯಾಹ್ನದ ಹೊತ್ತಿಗೆ ದಡದಲ್ಲಿ ಬಣ್ಣ ಸುರಿದ ಹಾಗೆ ಪದರ ಕಟ್ಟುತ್ತೆ. ಮೋಡ ಕವಿದ ದಿನದ ಮರುದಿನ ಬೆಳಗಿನ ಜಾವ ಮೀನು ತೇಲುತ್ತವೆ, ಅದರಲ್ಲೂ ದೊಡ್ಡ ಕಾಟ್ಲಾಗಳೇ ಮೊದಲು. ಹಳ್ಳ ಕೆರೆಗೆ ಸೇರೋ ಜಾಗದಲ್ಲಿ ಕಪ್ಪು ಕೆಸರು, ಮೊಣಕಾಲು ಮುಳುಗುತ್ತೆ. ಅಡಿಕೆ ಸುಗ್ಗಿಯಲ್ಲಿ ಏರಿ ಪಕ್ಕ ಸಿಪ್ಪೆ ತಂದು ಸುರಿಯೋದು ಬೇರೆ.

ಊರಲ್ಲಿ ನಾಲ್ಕು ಮಾತು ಓಡ್ತಿವೆ. ಒಂದು, ಅಂತರಗಂಗೆಗೆ ಕಳೆನಾಶಕ ಹೊಡೆಸೋಣ. ಎರಡು, ಜೆಸಿಬಿ ಬಿಟ್ಟು ಪೂರ್ತಿ ಹೂಳು ತೆಗೆಸೋಣ. ಮೂರು, ಯಾರೋ ಬ್ಯಾಕ್ಟೀರಿಯಾ ಪುಡಿ ಮಾರೋರು ಬಂದಿದ್ದರು, ಚೆಲ್ಲಿದರೆ ಮೂರು ತಿಂಗಳಲ್ಲಿ ನೀರು ತಿಳಿಯಾಗುತ್ತಂತೆ. ನಾಲ್ಕು, ಸುತ್ತ ಏರಿ ಕಟ್ಟಿ ವಾಕಿಂಗ್ ಪಾತ್, ಕಾರಂಜಿ. ಎಲ್ಲಕ್ಕೂ ದುಡ್ಡಿಲ್ಲ. ಯಾವುದು ಮೊದಲು, ಯಾವುದು ಬೇಡವೇ ಬೇಡ?

---

ಹಳ್ಳದದಂಡೆ

ನಾಲ್ಕರಲ್ಲಿ ಒಂದೂ ಮೊದಲಲ್ಲ. ನೀವೇ ಕೊಟ್ಟ ಅಂಕಿಯಿಂದ ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತೆ.

42 ಎಕರೆ ಅಂದರೆ 17 ಹೆಕ್ಟೇರ್, ಒಂದೂವರೆ ಮೀಟರ್ ಆಳಕ್ಕೆ ಸುಮಾರು 2,55,000 ಘನ ಮೀಟರ್ ನೀರು. ಪಾಚಿಗೆ ಬೇಕಾದ ಗೊಬ್ಬರದಲ್ಲಿ ಕೆರೆಯೊಳಗೆ ಸಾಮಾನ್ಯವಾಗಿ ಕಮ್ಮಿ ಬೀಳೋದು ರಂಜಕ (ಫಾಸ್ಫರಸ್). ಲೀಟರಿಗೆ 0.035 ಮಿ.ಗ್ರಾಂ ದಾಟಿದರೆ ಕೆರೆ ಹಸಿರಾಗೋಕೆ ಶುರು, 0.1 ಮುಟ್ಟಿದರೆ ನೀವು ಹೇಳಿದ ಆ ಬಣ್ಣದ ಪದರ. ಈಗ ಚರಂಡಿ ನೋಡಿ. ಮಲಮೂತ್ರ, ಸಾಬೂನು, ಪಾತ್ರೆ ತೊಳೆದ ನೀರು ಎಲ್ಲ ಸೇರಿ ಒಬ್ಬರಿಂದ ದಿನಕ್ಕೆ ಸುಮಾರು 1.5 ಗ್ರಾಂ ರಂಜಕ. 2,500 ಜನಕ್ಕೆ 3.75 ಕಿಲೋ. ನಿಮ್ಮ ಇಡೀ ಕೆರೆಯನ್ನು 0.1ಕ್ಕೆ ಏರಿಸೋಕೆ ಬೇಕಿರೋದು ಬರೀ 25 ಕಿಲೋ ಚಿಲ್ಲರೆ. ಅಂದರೆ ಒಂದು ವಾರದ ಚರಂಡಿ ಸಾಕು. ವರ್ಷಕ್ಕೆ 1,300 ಕಿಲೋ ಮೇಲೆ ಬರ್ತಾ ಇದೆ. ಬಹುಪಾಲು ಕೆಳಗೆ ಕೆಸರಲ್ಲಿ ಕೂರುತ್ತೆ ನಿಜ, ಆದರೆ ತಳದಲ್ಲಿ ಆಮ್ಲಜನಕ ತೀರಿದಾಗ ಅಲ್ಲಿಂದ ಮತ್ತೆ ನೀರಿಗೆ ಬಿಡುತ್ತೆ. ಈ ಚರಂಡಿ ತಿರುಗಿಸದೆ ನೀವು ಏನೇ ಮಾಡಿದರೂ ಮುಂದಿನ ವರ್ಷ ಅದೇ ಕೆರೆ. ಬ್ಯಾಕ್ಟೀರಿಯಾ ಪುಡಿ ಸಾವಯವ ಕೊಳೆಯನ್ನ ಸ್ವಲ್ಪ ಬೇಗ ಕರಗಿಸಬಹುದು. ರಂಜಕವನ್ನ ಅದು ಎಲ್ಲಿಗೂ ಹೊತ್ತುಕೊಂಡು ಹೋಗಲ್ಲ.

ಹಾಗಾಗಿ ಮೊದಲ ಕೆಲಸ ಚರಂಡಿಯ ಹರಿವು ಅಳೆಯೋದು. ಹಳ್ಳ ಕೆರೆ ಸೇರೋಕೆ ಮುಂಚೆ ಒಂದು ಕಡೆ ಅಡ್ಡಲಾಗಿ ಕಬ್ಬಿಣದ ತಗಡು ನಿಲ್ಲಿಸಿ, ಅದರಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು. ಪಕ್ಕದಿಂದ ನೀರು ಸೋರದಂತೆ ಜೇಡಿಮಣ್ಣು ಮೆತ್ತಬೇಕು. ಕಚ್ಚಿನ ತಳದಿಂದ ನೀರು 10 ಸೆಂ.ಮೀ. ಎತ್ತರ ಇದ್ದರೆ ಸೆಕೆಂಡಿಗೆ 4.4 ಲೀಟರ್, 15 ಇದ್ದರೆ 12 ಲೀಟರ್. ಎತ್ತರವನ್ನ ಕಚ್ಚಿನ ಬಾಯಲ್ಲೇ ಅಳೀಬೇಡಿ, ಅಲ್ಲಿ ನೀರು ತಗ್ಗಿರುತ್ತೆ. ಅರ್ಧ ಮೀಟರಿಗಿಂತ ಹಿಂದೆ ಒಂದು ಗೂಟ ನೆಟ್ಟು ಅಳೀರಿ. ಮಳೆ ಇಲ್ಲದ ದಿನ, ಗಂಟೆಗೊಮ್ಮೆ, 24 ಗಂಟೆ. 2,500 ಜನಕ್ಕೆ ದಿನಕ್ಕೆ 2,70,000 ಲೀಟರ್ ಆಸುಪಾಸು ಬರಬೇಕು (ತಲೆಗೆ 135 ಲೀಟರ್ ನೀರು, ಅದರಲ್ಲಿ ಶೇ. 80 ಚರಂಡಿಗೆ). ಇದಕ್ಕಿಂತ ಬಹಳ ಜಾಸ್ತಿ ಬಂದರೆ ಬಸಿನೀರು ಚರಂಡಿಗೆ ಸೇರ್ತಿದೆ ಅಂತ, ಅದನ್ನ ಮೇಲೆಯೇ ಬೇರೆ ಮಾಡಬೇಕು. ಶುದ್ಧೀಕರಣದ ಗಾತ್ರ ಅರ್ಧಕ್ಕರ್ಧ ಇಳಿಯೋದು ಇಲ್ಲೇ.

ಒಳಚರಂಡಿಗೆ ಜೋಡಿಸೋ ದಾರಿ ಇದ್ದರೆ ಅದೇ ಒಳ್ಳೇದು, ಬಾವಿ ಕಟ್ಟಿ ಪಂಪ್ ಮಾಡಿದರೂ ಸರಿ. ಅದು ದೂರದ ಮಾತು ಅಂದರೆ ಕೆರೆ ಅಂಗಳದ ಹೊರಗೆ ಒಂದೂಕಾಲು ಎಕರೆ ಜಾಗ ಹುಡುಕಿ:

ಮೊದಲು ಜಾಲರಿ: 12 ಮಿ.ಮೀ. ಸರಳು, 25 ಮಿ.ಮೀ. ಸಂದು, ಹಿಂದಕ್ಕೆ ವಾಲಿಸಿ. ಇದನ್ನ ದಿನಾ ಬಾಚಬೇಕು. ಬಾಚೋರಿಗೆ ಸಂಬಳ ಇಡದೆ ಜಾಲರಿ ಹಾಕಿದರೆ ಎರಡನೇ ವಾರ ನೀರು ರಸ್ತೆಗೆ ಹಿಮ್ಮೆಟ್ಟುತ್ತೆ, ಮೂರನೇ ವಾರ ಯಾರೋ ಸರಳು ಕಿತ್ತಿರ್ತಾರೆ.

ಆಮೇಲೆ ಎರಡು ದಿನದ ನೀರು ಹಿಡಿಯೋ ಆಳದ ಹೊಂಡ, ಸುಮಾರು 550 ಘನ ಮೀಟರ್ (20 × 11 × 2.5). ಕೆಸರು ಕೂರೋದು ಇಲ್ಲಿ. ಮೂರನೇ ಒಂದು ಭಾಗ ತುಂಬಿದ ಕೂಡಲೇ ತೆಗೆಸಬೇಕು.

ಕೊನೆಗೆ ಜಲ್ಲಿ ತೊಟ್ಟಿ. ತಲೆಗೆ ಒಂದೂವರೆ ಚದರ ಮೀಟರ್ ಲೆಕ್ಕದಲ್ಲಿ 3,750 ಚದರ ಮೀಟರ್, ಅಂದರೆ ಎಕರೆಗೆ ತುಸು ಕಮ್ಮಿ. 60 ಸೆಂ.ಮೀ. ಆಳ, ಶೇ. 1 ಇಳಿಜಾರು, ತಳಕ್ಕೆ ಜೇಡಿ ಅಥವಾ ಪ್ಲಾಸ್ಟಿಕ್ ಹಾಳೆ, 10–20 ಮಿ.ಮೀ. ತೊಳೆದ ಜಲ್ಲಿ, ನೀರು ಒಳಬರೋ ಮೊದಲ ಒಂದು ಮೀಟರಿಗೆ ಮಾತ್ರ 40–60 ಮಿ.ಮೀ. ದಪ್ಪ ಕಲ್ಲು. ನೀರಿನ ಮಟ್ಟ ಜಲ್ಲಿ ಮೇಲ್ಮೈಗಿಂತ 5–10 ಸೆಂ.ಮೀ. ಕೆಳಗೇ ಇರಲಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ಜೊಂಡು, ಲಾವಂಚ, ಕಾಬಾಳೆ ನೆಡಿ. ಒಂದೇ ದೊಡ್ಡ ತೊಟ್ಟಿ ಬೇಡ, ನಾಲ್ಕು ಮಾಡಿ, ಒಂದಕ್ಕೆ ಸರದಿ ಮೇಲೆ ರಜೆ ಕೊಡಬಹುದು. ಇಂಥ ತೊಟ್ಟಿಗಳು ಕೆಡೋದು ಒಂದೇ ಕಾರಣಕ್ಕೆ: ಹಿಂದಿನ ಹೊಂಡದ ಕೆಸರು ತೆಗೆಯದೆ ಅದು ಜಲ್ಲಿಗೆ ಬಂದು ಕಟ್ಟಿಕೊಳ್ಳುತ್ತೆ.

ಈಗ ಯಾರೂ ಹೇಳದ ಮಾತು. ಈ ವ್ಯವಸ್ಥೆ ಬಿಒಡಿಯನ್ನ (ಕೊಳೆ ಕರಗೋಕೆ ನೀರಲ್ಲಿ ಖರ್ಚಾಗೋ ಆಮ್ಲಜನಕದ ಅಳತೆ) ಶೇ. 80–90 ಇಳಿಸುತ್ತೆ, ವಾಸನೆ ಹೋಗುತ್ತೆ, ನೀರು ತಿಳಿಯಾಗುತ್ತೆ. ರಂಜಕ ಮಾತ್ರ ಅರ್ಧವೂ ಹೋಗಲ್ಲ. ಆದ್ದರಿಂದ ಬೇಸಿಗೆಯಲ್ಲಿ ಆ ನೀರನ್ನ ಕೆರೆಗೆ ಬಿಡದೆ ಹುಲ್ಲಿಗೋ ತೋಟಕ್ಕೋ ಕಟ್ಟಿ. ದಿನದ 270 ಘನ ಮೀಟರ್ ನೀರಿಗೆ 12–13 ಎಕರೆ ನೇಪಿಯರ್ ಹುಲ್ಲು ಆರಾಮಾಗಿ ಬೆಳೆಯುತ್ತೆ. ತರಕಾರಿಗೆ ಬೇಡ.

---

ಜೊಂಡುಹುಲ್ಲು

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ಓಟು. ಅಂತರಗಂಗೆ, ಪಾಚಿ, ಮೀನಿನ ವಿಚಾರ ನಾನು ಹೇಳ್ತೀನಿ.

ಕಳೆನಾಶಕ ಬೇಡವೇ ಬೇಡ. ಎಕರೆಗೆ ಅಂತರಗಂಗೆ ಹಸಿ ತೂಕ 80ರಿಂದ 160 ಟನ್ ಇರುತ್ತೆ. ನಿಮ್ಮಲ್ಲಿ 14 ಎಕರೆ. ಅಷ್ಟೂ ಒಟ್ಟಿಗೆ ಸತ್ತು ತಳ ಸೇರಿ ಕೊಳೆತರೆ ಉಳಿದಿರೋ ಆಮ್ಲಜನಕವೂ ಹೋಯ್ತು, ಅದು ಹೀರಿದ್ದ ಗೊಬ್ಬರವೆಲ್ಲ ವಾಪಸ್ ನೀರಿಗೆ. ಬೀಜ ಕೆಸರಲ್ಲಿ ಹತ್ತು ಹದಿನೈದು ವರ್ಷ ಜೀವ ಹಿಡಿದು ಕೂತಿರುತ್ತೆ, ಬಿಸಿಲು ಬಿದ್ದ ಕೂಡಲೇ ಮತ್ತೆ ಮೊಳಕೆ.

ಎಳೆದು ಹೊರಹಾಕೋದೇ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಳಿ ನೈರುತ್ಯದಿಂದ. ಕಳೆ ತಾನಾಗೇ ಈಶಾನ್ಯ ದಡಕ್ಕೆ ಬಂದು ಒತ್ತುತ್ತೆ. ಆ ದಡದಲ್ಲೇ ಎತ್ತೋ ಜಾಗ ಮಾಡಿಕೊಳ್ಳಿ. ಗಾಳಿ ತಿರುಗಿದರೆ ವಾಪಸ್ ಹೋಗದಂತೆ ಬಿದಿರು ಬೊಂಬುಗಳನ್ನ ಹಗ್ಗದಲ್ಲಿ ಉದ್ದಕ್ಕೆ ಪೋಣಿಸಿ ತೇಲುಬೇಲಿ ಕಟ್ಟಿ. ಹೂ ಬಿಡೋಕೆ ಮುಂಚೆ ಒಂದು ಸುತ್ತು ಮುಗಿಸಬೇಕು. ಎತ್ತಿದ್ದನ್ನ ದಡದಲ್ಲೇ ಬಿಡಬೇಡಿ, ಮೊದಲ ಮಳೆಗೆ ರಸವೆಲ್ಲ ಕೆರೆಗೆ ಇಳಿಯುತ್ತೆ. ಎರಡು ದಿನ ನೀರು ಸೋರಿದ ಮೇಲೆ ತೂಕ ಬಹಳ ಇಳಿಯುತ್ತೆ, ಆಗ ಟ್ರ್ಯಾಕ್ಟರ್ ಬಾಡಿಗೆಯೂ ಉಳಿತಾಯ.

ನಿಮ್ಮ ಅಡಿಕೆ ಸಿಪ್ಪೆ ಸಮಸ್ಯೆ ಇಲ್ಲಿ ಅನುಕೂಲಕ್ಕೆ ಬರುತ್ತೆ. ಸಿಪ್ಪೆ ಒಣ, ನಾರು, ಸಾರಜನಕ ಕಮ್ಮಿ, ಅದೊಂದೇ ಹಾಕಿದರೆ ವರ್ಷವಾದರೂ ಕೊಳೆಯಲ್ಲ. ಅಂತರಗಂಗೆ ನೀರುನೀರು, ಅದೊಂದೇ ಹಾಕಿದರೆ ಗಬ್ಬುನಾತ. ಒಂದು ಪದರ ಚೂರು ಮಾಡಿದ ಸಿಪ್ಪೆ, ಒಂದು ಪದರ ಬಾಡಿದ ಅಂತರಗಂಗೆ, ಮೇಲೆ ಸಗಣಿ ರಾಡಿ. ನಾಲ್ಕಡಿ ಎತ್ತರದ ರಾಶಿ, ಹದಿನೈದು ದಿನಕ್ಕೊಮ್ಮೆ ಮಗುಚಿ. ಐದಾರು ತಿಂಗಳು ಹಿಡಿಯುತ್ತೆ. ರಾಶಿ ಏರಿಯಿಂದ ಆಚೆ, ಅಚ್ಚುಕಟ್ಟಿನ ಕಡೆ ಇರಲಿ. ಸಿಪ್ಪೆ ನೆಂದಾಗ ಬಿಡೋ ಕಂದು ನೀರೂ ಕೆರೆಯ ಆಮ್ಲಜನಕ ತಿನ್ನುತ್ತೆ.

ಅಂತರಗಂಗೆ ತಿನ್ನೋ ಮೂತಿಹುಳು ಇದೆ, ನಿಯೋಕೆಟಿನಾ ಅಂತ. 1980ರ ದಶಕದ ಶುರುವಿನಲ್ಲಿ ಭಾರತಕ್ಕೆ ತರಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟಿದ್ದು. ಬೇರೆ ಬೆಳೆ ಮುಟ್ಟಲ್ಲ. ಆದರೆ ಎರಡು ಮೂರು ವರ್ಷದ ಕೆಲಸ, ಮತ್ತು ಚರಂಡಿ ಗೊಬ್ಬರ ಬರ್ತಾ ಇದ್ದರೆ ಹುಳು ತಿಂದದ್ದಕ್ಕಿಂತ ಗಿಡ ಬೇಗ ಬೆಳೆಯುತ್ತೆ. ಹುಳು ಬಿಟ್ಟರೆ ಎಲ್ಲ ಕಳೆ ಎತ್ತಬೇಡಿ, ಒಂದು ಮೂಲೆ ಅದಕ್ಕೆ ಬಿಡಿ.

ಇನ್ನು "ಅಂತರಗಂಗೆ ಬೆಳೆಸಿ ಎತ್ತಿದರೆ ಕೊಳೆಯೂ ಹೋಗುತ್ತಲ್ಲ" ಅಂತ ಯಾರಾದರೂ ಬರ್ತಾರೆ. ಒಂದು ಟನ್ ಹಸಿ ಕಳೆಯಲ್ಲಿ ಹೆಚ್ಚೆಂದರೆ ಕಾಲು ಕಿಲೋ ರಂಜಕ. ದಿನದ 3.75 ಕಿಲೋ ತೆಗೆಯೋಕೆ ದಿನಾ 15 ಟನ್ ಎತ್ತಬೇಕು, ಭಾನುವಾರವೂ ಸೇರಿ.

ಪಾಚಿ ಯಾವ ಜಾತಿ ಅಂತ ಮನೆಯಲ್ಲೇ ನೋಡಬಹುದು. ಗಾಜಿನ ಬಾಟಲಿಗೆ ಮುಕ್ಕಾಲು ನೀರು ತುಂಬಿ ಅಲುಗಾಡಿಸದೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಹಸಿರೆಲ್ಲ ಮೇಲೆ ಬಂದು ಕತ್ತಿನ ಹತ್ತಿರ ಉಂಗುರ ಕಟ್ಟಿದ್ದರೆ ನೀಲಿಹಸಿರು ಪಾಚಿ, ತಳಕ್ಕೆ ಕೂತಿದ್ದರೆ ಸಾಮಾನ್ಯ ಹಸಿರು ಪಾಚಿ. ನೀವು ಬಣ್ಣ ಸುರಿದ ಹಾಗೆ ಅಂದಿದ್ದು ನೋಡಿದರೆ ನೀಲಿಹಸಿರೇ ಇರಬೇಕು. ಹಾಗಿದ್ದರೆ ಆ ಪದರ ಇರೋ ದಡದಲ್ಲಿ ದನ ಕುರಿ ನೀರು ಕುಡಿಸಬೇಡಿ, ಕೆಲವು ಜಾತಿಗಳು ಯಕೃತ್ತಿಗೆ ವಿಷ. ಮೈಲುತುತ್ತ ಹಾಕಿ ಕೊಲ್ಲೋಕೂ ಹೋಗಬೇಡಿ; ಪಾಚಿ ಒಡೆದಾಗ ಒಳಗಿದ್ದ ವಿಷ ಒಮ್ಮೆಗೇ ನೀರಿಗೆ ಬರುತ್ತೆ.

ಮೀನು ಬೆಳಗಿನ ಜಾವ ಸಾಯೋದು ಪಾಚಿ ರಾತ್ರಿ ಉಸಿರಾಡೋದರಿಂದ. ಹಗಲು ಆಮ್ಲಜನಕ ಬಿಡುತ್ತೆ, ರಾತ್ರಿ ತಾನೇ ತಿನ್ನುತ್ತೆ. ಮೋಡ ಇದ್ದ ದಿನ ಹಗಲಿನ ಗಳಿಕೆ ಕಮ್ಮಿ, ರಾತ್ರಿ ಖರ್ಚು ಅಷ್ಟೇ. ಇದರಲ್ಲೊಂದು ಮೋಸ ಇದೆ: ಮಧ್ಯಾಹ್ನ 2 ಗಂಟೆಗೆ ಅದೇ ನೀರಲ್ಲಿ ಆಮ್ಲಜನಕ ಲೀಟರಿಗೆ 10–12 ಮಿ.ಗ್ರಾಂ ತೋರಿಸುತ್ತೆ, ಕಾಗದದ ಮೇಲೆ ಕೆರೆ ಭರ್ಜರಿ ಆರೋಗ್ಯ. ಸೂರ್ಯ ಹುಟ್ಟೋ ಮುಂಚೆ ಅಳೆದರೆ 2ರ ಕೆಳಗೆ. ಮಾದರಿ ತೆಗೆಯೋರಿಗೆ ಬೆಳಿಗ್ಗೆ ಐದೂವರೆಗೆ ಬನ್ನಿ ಅಂತ ಹೇಳಿ.

---

ಏರಿಮೇಲೆ

ಇಬ್ಬರಿಗೂ ಧನ್ಯವಾದ. ಬಾಟಲಿ ಪರೀಕ್ಷೆ ಮಾಡಿದ್ವಿ, ಹಸಿರು ಮೇಲೆಯೇ ಬಂತು. ಹಳ್ಳದ ಎಡಕ್ಕೆ ಎರಡು ಎಕರೆ ಗೋಮಾಳ ಇದೆ, ತೊಟ್ಟಿಗೆ ಆಗಬಹುದು. ಹೂಳಿನ ವಿಚಾರ ಯಾರಾದರೂ ಹೇಳಿ. ಊರಲ್ಲಿ ಅದಕ್ಕೇ ಒತ್ತಡ ಜಾಸ್ತಿ, ರೈತರಿಗೆ ಮಣ್ಣೂ ಬೇಕು. ಸುತ್ತೇರಿ ಬೇಕೋ ಬೇಡವೋ?

---

ಗೋಡುಮಣ್ಣು (ಚಿತ್ರದುರ್ಗ)

ಹೂಳು ತೆಗೀರಿ, ಆದರೆ ಇಡೀ ಕೆರೆ ಕೆರೀಬೇಡ್ರಿ.

ಒಂದು ಎಕರೆಯಲ್ಲಿ ಒಂದಡಿ ಹೂಳು ಅಂದ್ರೆ 1,233 ಘನ ಮೀಟರ್. ಟ್ರ್ಯಾಕ್ಟರ್ ಟ್ರೇಲರ್ 2.8 ಹಿಡಿದ್ರೆ 440 ಲೋಡು. 42 ಎಕರೆಗೆ ಒಂದಡಿ ತೆಗೆಯೋಕೆ 18,000 ಲೋಡಿನ ಮೇಲೆ ಆಗ್ತತಿ. ಬಿಲ್ ಬರೆಯೋರು ಖುಷಿಯಾಗೋದು ಇಲ್ಲೇ. ಕೆಲಸದ ಮುಂಚೆ ಮತ್ತೆ ಆಮೇಲೆ 20 ಮೀಟರಿಗೊಂದು ಬಿಂದು ಹಿಡಿದು ಲೆವೆಲ್ ತಗೊಳ್ಳಿಲ್ಲ ಅಂದ್ರೆ ಎಷ್ಟು ತೆಗೆದ್ರು ಅಂತ ದೇವರಿಗೂ ಗೊತ್ತಾಗಲ್ಲ. ಉದ್ಯೋಗ ಖಾತ್ರಿ ದುಡ್ಡಲ್ಲಿ ಯಂತ್ರಕ್ಕೆ ಅವಕಾಶ ಇಲ್ಲ, ಆ ಎರಡು ಲೆಕ್ಕ ಸೇರಿಸೋಕೆ ಹೋಗಿ ಸಿಕ್ಕಿಹಾಕ್ಕೊಬೇಡ್ರಿ.

ಎಲ್ಲಿ ತೆಗೀಬಾರದು ಅನ್ನೋದು ಮೊದಲು. ಏರಿ ಬುಡದಿಂದ ಕನಿಷ್ಠ 15 ಮೀಟರ್ ಬಿಡ್ರಿ. ಬುಡದ ಮಣ್ಣು ತೆಗೆದ್ರೆ ಏರಿ ಒಳಮುಖ ಜಾರ್ತತಿ, ಆಚೆ ಕಡೆ ಜೌಗು ಶುರುವಾಗ್ತತಿ. ತೂಬಿನ ಮಟ್ಟಕ್ಕಿಂತ ಬಹಳ ಕೆಳಗೆ ಹೋದ್ರೆ ಆ ನೀರು ಹರಿದು ಗದ್ದೆಗೆ ಬರಲ್ಲ. ಮೀನಿಗೆ, ದನಕ್ಕೆ ಒಂದೆರಡು ಎಕರೆ ಆಳ ಗುಂಡಿ ಇದ್ರೆ ಸಾಕು, ಬೇಸಿಗೆಗೆ ಅದೇ ಆಸರೆ. ಇನ್ನೊಂದು, ಹೂಳು ಮುಗಿದು ಹಳೇ ನೆಲ ಬಂದದ್ದು ಬಣ್ಣದಲ್ಲೇ ಗೊತ್ತಾಗ್ತತಿ. ಕಪ್ಪು ಬೂದು ಮೆತ್ತನೆ ಮಣ್ಣು ಹೋಗಿ ಗಟ್ಟಿ ಜೇಡಿ, ಆಮೇಲೆ ಮೊರಮು. ಆ ಜೇಡಿ ಪದರ ಎಲ್ಲಾ ಕಡೆ ಹರಿದ್ರೆ ನೀರು ನಿಲ್ಲಲ್ಲ. ಮಣ್ಣು ಮಾರೋರ ಕಣ್ಣು ಮೊರಮಿನ ಮೇಲೇ ಇರ್ತತಿ, ಹುಷಾರು. ಹಾಗಂತ ನೀರು ಇಂಗಲೇಬಾರದು ಅಂತಲ್ಲ. ನಮ್ಮ ಚಿತ್ರದುರ್ಗದ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಐತೆ, ಲೀಟರಿಗೆ 1.5 ಮಿ.ಗ್ರಾಂ ದಾಟಿದ್ರೆ ಕುಡಿಯೋಕೆ ಆಗಲ್ಲ. ಕೆರೆ ನೀರು ಇಂಗಿದಷ್ಟೂ ಸುತ್ತಲ ಬೋರಿಗೆ ಒಳ್ಳೇದು. ಆದರೆ ನಿಮ್ಮಲ್ಲಿ ಈಗ ಇಂಗ್ತಿರೋದು ಚರಂಡಿ. ಸುತ್ತಲ ಬೋರುಗಳಲ್ಲಿ ನೈಟ್ರೇಟ್ ಪರೀಕ್ಷೆ ಮಾಡಿಸ್ರಿ, ಲೀಟರಿಗೆ 45 ಮಿ.ಗ್ರಾಂ ದಾಟಿದ್ರೆ ಬಸುರಿ ಬಾಣಂತಿಯರಿಗೆ, ಕೂಸುಗಳಿಗೆ ಆ ನೀರು ಬೇಡ.

ಎಲ್ಲಿ ತೆಗೀಬೇಕು ಅಂದ್ರೆ ಹಳ್ಳದ ಬಾಯಿ. ನೀವು ಹೇಳಿದ ಕಪ್ಪು ಕೆಸರು. ಅದನ್ನ ಬೇಸಿಗೆಯಲ್ಲಿ, ಮಾರ್ಚ್ ಏಪ್ರಿಲ್‌ನಲ್ಲಿ ತೆಗೀರಿ. ಬೇಸಿಗೆ ಬೆಳೆಗೆ ನಾಲೆ ಬಿಟ್ಟಿದ್ರೆ ಬಸಿನೀರು ಬಂದು ಕೆಲಸ ಕೆಡ್ತತಿ, ಅದಕ್ಕೆ ಆ ಕಡೆ ತಾತ್ಕಾಲಿಕ ಒಡ್ಡು ಹಾಕ್ಕೊಳ್ರಿ. ಆ ಜಾಗದಲ್ಲೇ ಮುಂದಕ್ಕೆ ಒಂದು ಹೂಳುಗುಂಡಿ, 10 × 5 ಮೀಟರ್, ಒಂದೂವರೆ ಆಳ, ಟ್ರ್ಯಾಕ್ಟರ್ ಇಳಿಯೋಕೆ ಇಳಿಜಾರು ಇರಲಿ. ಪ್ರತಿ ಬೇಸಿಗೆ ಅದೊಂದು ಬಳಿದ್ರೆ ಒಳಗೆ ಹೋಗೋ ಉಸುಕು, ಕಸ ಬಹಳ ತಡೀತತಿ.

ಹೊಲಕ್ಕೆ ಹೊಡೆಯೋರಿಗೆ: ಎಕರೆಗೆ ಒಂದಿಂಚು ಹರಡೋಕೆ 36–37 ಲೋಡು ಬೇಕು. ಕೆರೆ ಮಧ್ಯದ ಗೋಡು ಮಣ್ಣು ಕೆಂಪು ಮಸಾರಿಗೆ ಬಂಗಾರ, ಎರೆ ಹೊಲಕ್ಕೆ ಹಾಕಿ ಪ್ರಯೋಜನ ಇಲ್ಲ. ಹಳ್ಳದ ಬಾಯಿ ಮಣ್ಣು ಬೇರೆ ರಾಶಿ. ಅದರಲ್ಲಿ ಪ್ಲಾಸ್ಟಿಕ್, ಬ್ಲೇಡು, ಸಿರಿಂಜು ಎಲ್ಲಾ ಇರ್ತಾವೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಪರೀಕ್ಷೆ ಆಗೋವರೆಗೂ ಹೊಲಕ್ಕೆ ಬೇಡ.

ಸುತ್ತೇರಿಗೆ ನನ್ನ ಕಡೆಯಿಂದ ಬೇಡ. 42 ಎಕರೆ ಕೆರೆ ದುಂಡಗಿದ್ರೂ ಸುತ್ತಳತೆ 1,460 ಮೀಟರ್. ಎರಡೂವರೆ ಮೀಟರ್ ಎತ್ತರದ ಏರಿ, ಮೇಲೆ ನಾಲ್ಕು ಮೀಟರ್ ದಾರಿ, ಎರಡೂ ಕಡೆ ಒಂದಕ್ಕೆರಡು ಇಳಿಜಾರು ಅಂದ್ರೆ ತಳ 14 ಮೀಟರ್. ಬರೀ ಏರಿಯೇ ಐದು ಎಕರೆ ನುಂಗ್ತತಿ. ಹಳ್ಳ ಬರೋ ಕಡೆ ಪೈಪ್ ಇಡ್ತಾರೆ, ಅದು ಕಟ್ಟಿಕೊಂಡು ಮೇಲಿನ ಹೊಲ ಮುಳುಗ್ತಾವೆ. ಮೊಣಕಾಲುದ್ದ ನೀರಿನ ಜಾಗ ಹೋಗಿ ಕೆರೆ ಬಟ್ಟಲಾಗ್ತತಿ. ಹಕ್ಕಿ ಮೇಯೋದು, ಮೀನು ಮೊಟ್ಟೆ ಇಡೋದು ಅಲ್ಲೇ. ಇರೋ ಹಳೇ ಏರಿ ಮೇಲೆ ಓಡಾಡೋ ಜಾಗ ಮಾಡ್ರಿ, ಸಾಕು. ಅದರ ಮೇಲೆ ಬೆಳೆದಿರೋ ಬಳ್ಳಾರಿ ಜಾಲಿ ಬೇರುಸಮೇತ ತೆಗೆದು, ಗುಂಡಿಗೆ ಮಣ್ಣು ಹಾಕಿ ಕುಟ್ಟಿ, ಗರಿಕೆ ಹಚ್ರಿ. ಏರಿ ಮೇಲೆ ಆಲ, ಅರಳಿ, ಹೊಂಗೆ ಯಾವುದೂ ಬೇಡ. ಒಣಗಿದ ಬೇರೇ ಮುಂದೆ ನೀರಿಗೆ ದಾರಿ.

---

ಹಳ್ಳದದಂಡೆ

@ಗೋಡುಮಣ್ಣು, ಹಳ್ಳದ ಬಾಯಿ ಕೆಸರು ತೆಗೀಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ, ರಂಜಕ ದಪ್ಪಕ್ಕೆ ಕೂತಿರೋದೂ ಅಲ್ಲೇ. ತಕರಾರು ಈ ಬೇಸಿಗೆಗೇ ತೆಗೆಯೋದಕ್ಕೆ. ಚರಂಡಿ ತಿರುಗಿಸೋಕೆ ಮುಂಚೆ ತೆಗೆದರೆ ಎರಡು ವರ್ಷಕ್ಕೆ ಅಷ್ಟೇ ಕೆಸರು ಮತ್ತೆ, ದುಡ್ಡು ಎರಡು ಸಲ. ಈ ವರ್ಷ ಜಾಲರಿ, ಹೊಂಡ, ತೊಟ್ಟಿ. ಮುಂದಿನ ಬೇಸಿಗೆ ಕೆಸರು.

ತಿರುಗಿಸಿದ ಮೇಲೂ ತಳದ ರಂಜಕದಿಂದ ಎರಡು ಮೂರು ವರ್ಷ ನೀರು ಹಸಿರಾಗೇ ಇರಬಹುದು. ಜೊತೆಗೆ ಅಂತರಗಂಗೆ ತೆಗೆದಾಗ ಬೆಳಕು ಬಿದ್ದು ಪಾಚಿ ಇನ್ನೂ ಜಾಸ್ತಿಯಾದ ಹಾಗೆ ಕಾಣುತ್ತೆ. ಇದನ್ನ ಗ್ರಾಮಸಭೆಯಲ್ಲಿ ಮೊದಲೇ ಹೇಳಿಡಿ. ಇಲ್ಲದಿದ್ದರೆ ಮೊದಲ ಬೇಸಿಗೆಗೇ ಪುಡಿ ಮಾರೋರು ವಾಪಸ್ ಬರ್ತಾರೆ.

---

ಗೋಡುಮಣ್ಣು (ಚಿತ್ರದುರ್ಗ)

ಒಪ್ಪಿದೆ. ಹೂಳುಗುಂಡಿ ಮಾತ್ರ ಈ ವರ್ಷವೇ ತೋಡ್ರಿ, ತೊಟ್ಟಿ ಕಟ್ಟೋವಾಗ ಯಂತ್ರ ಹೆಂಗೂ ಅಲ್ಲೇ ಇರ್ತತಿ.

---

ಟಿಪ್ಪಣಿ_ನಕಾಶೆ

ಕಾಗದದ ಕೆಲಸದ ಬಗ್ಗೆ ಯಾರೂ ಬರೆದಿಲ್ಲ, ಅದಿಲ್ಲದೆ ಮೇಲಿನ ಯಾವುದಕ್ಕೂ ಅನುಮತಿ ಸಿಗುವುದಿಲ್ಲ.

ಮೊದಲು ಕೆರೆ ಯಾರದ್ದು ಎಂದು ನೋಡಿ. ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಸಾಮಾನ್ಯವಾಗಿ ಪಂಚಾಯತ್ ರಾಜ್ ವ್ಯಾಪ್ತಿ, 40ರಿಂದ 2,000 ಹೆಕ್ಟೇರ್ ಆದರೆ ಸಣ್ಣ ನೀರಾವರಿ ಇಲಾಖೆ. ಅರ್ಜಿ ತಪ್ಪು ಕಚೇರಿಗೆ ಹೋದರೆ ಆರು ತಿಂಗಳು ಟಪಾಲಿನಲ್ಲೇ ಕಳೆಯುತ್ತದೆ. ಪಹಣಿ, ಗ್ರಾಮ ನಕಾಶೆ, ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ಚಿತ್ರ), ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ದಾಖಲೆ) ನಾಲ್ಕನ್ನೂ ತೆಗೆಸಿ ವಿಸ್ತೀರ್ಣ ಹೋಲಿಸಿ. ಪಹಣಿಯ 42 ಎಕರೆ ಆಕಾರ್‌ಬಂದ್‌ನಲ್ಲಿ ಬೇರೆ ಇರಬಹುದು. ನಂತರ ತಹಶೀಲ್ದಾರರಿಗೆ ಅಳತೆ ಕೋರಿ ಅರ್ಜಿ. ಅಳತೆಯ ದಿನ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿರಬೇಕು, ಪಂಚನಾಮೆಗೆ ಅವರ ಸಹಿ ಇರಬೇಕು. ಇಲ್ಲದಿದ್ದರೆ ಮುಂದೆ ಮೇಲ್ಮನವಿಯಲ್ಲಿ ಆ ಅಳತೆ ಬಿದ್ದುಹೋಗುತ್ತದೆ. ಪ್ರತಿ ತಿರುವಿಗೂ ಕಲ್ಲು ನೆಡಿಸಿ. ಹಳ್ಳವನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಕೆರೆಗೆ ಕಲ್ಲು ನೆಟ್ಟು ಹಳ್ಳ ಬಿಟ್ಟರೆ ಒತ್ತುವರಿ ಅಲ್ಲಿಗೆ ಸರಿಯುತ್ತದೆ.

ಒತ್ತುವರಿ ಇದ್ದರೆ ಭೂಕಂದಾಯ ಕಾಯ್ದೆ 1964ರ ಕಲಂ 104 ತೆರವಿಗೆ, 192-ಎ ಶಿಕ್ಷೆಗೆ. ಚರಂಡಿ ವಿಚಾರಕ್ಕೆ ಜಲ ಕಾಯ್ದೆ 1974ರ ಕಲಂ 24: ಹಳ್ಳ ಕೆರೆಗಳಿಗೆ ಮಲಿನ ನೀರು ಬಿಡುವಂತಿಲ್ಲ. ಕೆರೆ ಅಂಗಳದಲ್ಲಿ ಕಟ್ಟಡ, ಕಸ, ಕೊಳಚೆ ತಡೆಯಲು 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಇದೆ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಗೆ ಬರೆಯಬೇಕು.

ಬಡಾವಣೆಗೆ ಬೇರೆ ದಾರಿ ಇದೆ. ಅನುಮೋದಿತ ವಿನ್ಯಾಸ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಕ್ಷೆಯಲ್ಲಿ ಶುದ್ಧೀಕರಣಕ್ಕೆ ಜಾಗ ತೋರಿಸಿ, ಸ್ಥಳದಲ್ಲಿ ಅದೇ ಜಾಗ ನಿವೇಶನವಾಗಿದ್ದರೆ ನಿಮ್ಮ ಒಂದೂಕಾಲು ಎಕರೆಯ ಪ್ರಶ್ನೆ ಅಲ್ಲೇ ಬಗೆಹರಿಯಬಹುದು. ಗೋಮಾಳ ಎಂದು ಸುಲಭಕ್ಕೆ ಬರೆದಿರಿ. ಅದನ್ನು ಬೇರೆ ಉದ್ದೇಶಕ್ಕೆ ಕಾಯ್ದಿರಿಸಲು ಕಂದಾಯ ಇಲಾಖೆಯ ಆದೇಶ ಬೇಕು, ಊರಿನ ಜಾನುವಾರು ಸಂಖ್ಯೆಗೆ ಬೇಕಾದಷ್ಟು ಗೋಮಾಳ ಉಳಿಯುತ್ತದೆಯೇ ಎಂದೂ ನೋಡುತ್ತಾರೆ. ಈ ಕಡತವನ್ನೇ ಮೊದಲು ಶುರು ಮಾಡಿ.

ನೀರಿನ ಪರೀಕ್ಷೆ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಆಗಲಿ. ಮಾದರಿ ಮೇಲ್ಮೈಯಿಂದ ಒಂದಡಿ ಕೆಳಗೆ, ಮೂರು ಕಡೆ: ಹಳ್ಳದ ಬಾಯಿ, ಕೆರೆ ಮಧ್ಯ, ತೂಬಿನ ಹತ್ತಿರ. ಬಿಒಡಿ ಬಾಟಲಿ ಗಾಳಿಗುಳ್ಳೆ ಇಲ್ಲದಂತೆ ತುಂಬಿ, ಮಂಜುಗಡ್ಡೆ ಪೆಟ್ಟಿಗೆಯಲ್ಲಿ, 24 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಒಯ್ದ ಮಾದರಿಗೆ ಬೆಲೆಯಿಲ್ಲ. ಮೀನುಗಾರಿಕೆಗೆ ಯೋಗ್ಯವೆನ್ನುವ 'ಡಿ' ದರ್ಜೆಗೆ ಕರಗಿದ ಆಮ್ಲಜನಕ 4 ಮಿ.ಗ್ರಾಂ ಮೇಲೆ, ಮುಕ್ತ ಅಮೋನಿಯಾ 1.2ರ ಕೆಳಗೆ, ಪಿಎಚ್ 6.5ರಿಂದ 8.5 ಇರಬೇಕು. ಒಟ್ಟು ರಂಜಕವನ್ನು ಪಟ್ಟಿಯಲ್ಲಿ ಹೇಳಿ ಸೇರಿಸಿ, ತಾವಾಗಿ ಮಾಡುವುದಿಲ್ಲ.

---

ಏರಿಮೇಲೆ

ಗೋಮಾಳದ ಕಡತ ಈ ವಾರವೇ ಹಾಕ್ತೀವಿ. ಕೊನೇದಾಗಿ ಎರಡು. ಮೀನು ಗುತ್ತಿಗೆ ಈ ವರ್ಷ ನವೀಕರಣಕ್ಕೆ ಬರುತ್ತೆ, ಏನು ಷರತ್ತು ಹಾಕಬೇಕು? ಮತ್ತೆ ಕಾರಂಜಿ ಹಾಕಿದರೆ ಮೀನು ಉಳಿಯುತ್ತಾ?

---

ಜೊಂಡುಹುಲ್ಲು

ಕಾರಂಜಿ ನೋಡೋಕೆ ಚೆಂದ, ಅಷ್ಟೇ. ಸಂಜೆ ಆರರಿಂದ ಎಂಟು ಓಡಿಸ್ತಾರೆ; ಮೀನಿಗೆ ಬೇಕಿರೋದು ರಾತ್ರಿ ಎರಡರಿಂದ ಬೆಳಿಗ್ಗೆ ಆರು. ಸಿಗಡಿ ಹೊಂಡದಲ್ಲಿ ಹಾಕೋ ಎರಡು ಎಚ್‌ಪಿಯ ಚಕ್ರದ ಏರೇಟರ್ (ನೀರಿಗೆ ಗಾಳಿ ಬೆರೆಸೋ ಯಂತ್ರ) ಎಕರೆ ಎರಡು ಎಕರೆಗೆ ಸಾಕಾಗುತ್ತೆ, 42ಕ್ಕಲ್ಲ. ಆಳ ಗುಂಡಿ ಇರೋ ಕಡೆ ಎರಡು ಇಟ್ಟರೆ ಮೀನು ಅಲ್ಲಿ ಬಂದು ಸೇರ್ತವೆ, ಕೆಟ್ಟ ರಾತ್ರಿ ದಾಟುತ್ತೆ. ಹಳ್ಳದ ಬಾಯಿ ಹತ್ತಿರ ಇಡಬೇಡಿ, ಕೆಸರು ಕದಡಿ ಇದ್ದದ್ದೂ ಹೋಗುತ್ತೆ. ಸತ್ತ ಮೀನು ಸುಣ್ಣ ಹಾಕಿ ಹೂಳಬೇಕು, ಸಂತೆಗೆ ಹೋಗದಂತೆ ನೋಡಿಕೊಳ್ಳಿ.

ಷರತ್ತಿನಲ್ಲಿ ಮೊದಲು ಬರೆಸಬೇಕಾದ್ದು: ಕೋಳಿ ಅಂಗಡಿ ತ್ಯಾಜ್ಯ, ಕೋಳಿ ಗೊಬ್ಬರ, ಸಗಣಿ, ಯೂರಿಯಾ ಯಾವುದೂ ಕೆರೆಗೆ ಹಾಕುವಂತಿಲ್ಲ. ಚರಂಡಿ ಗೊಬ್ಬರ ಇರೋ ಕೆರೆಗೆ ಹೊರಗಿನ ತಿಂಡಿ ಬೇಕಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧಿತ, ತಿಲಾಪಿಯಾ ಬಿಡಬಾರದು ಅಂತಲೂ ಸೇರಿಸಿ. ಸಾಮಾನ್ಯ ಗೆಂಡೆ ಕಮ್ಮಿ ಮಾಡಿ, ಅದು ತಳ ಕೆದಕಿ ಕೆಸರು ಮೇಲೆಬ್ಬಿಸುತ್ತೆ. ಕಾಟ್ಲಾ ಅತಿಯಾದರೂ ತೊಂದರೆ; ಪಾಚಿ ತಿನ್ನೋ ಸಣ್ಣ ನೀರುಹುಳುಗಳನ್ನ ಕಾಟ್ಲಾ ತಿಂದುಬಿಡುತ್ತೆ. ಸ್ಥಳೀಯ ಕೊರವ ಇದ್ದರೆ ಉಳಿಸಿಕೊಳ್ಳಿ. ಹುಲ್ಲುಗೆಂಡೆ ಅಂತರಗಂಗೆ ತಿನ್ನುತ್ತೆ ಅಂತ ಮರಿ ಮಾರೋರು ಹೇಳಿದರೆ ನಂಬಬೇಡಿ, ಅದು ನೀರೊಳಗಿನ ಮೆತ್ತನೆ ಗಿಡ ಮಾತ್ರ ತಿನ್ನೋದು, ಕೆರೆಗೆ ಬೇಕಾದ ಗಿಡಗಳು ಅವೇ.

ಗುತ್ತಿಗೆದಾರರ ತೆಪ್ಪ ಹೆಂಗೂ ದಿನಾ ಇಳಿಯುತ್ತಲ್ಲ, ತಿಂಗಳಿಗೆರಡು ಸಲ ನೀರಿನ ತಿಳಿ ಅಳೆದು ಕೊಡೋದನ್ನೂ ಷರತ್ತಲ್ಲಿ ಸೇರಿಸಿ. 20 ಸೆಂ.ಮೀ. ಅಗಲದ ದುಂಡು ತಗಡು, ನಾಲ್ಕು ಭಾಗ ಮಾಡಿ ಎದುರುಬದುರು ಕಪ್ಪು ಬಿಳಿ ಬಣ್ಣ, ಕೆಳಗೆ ಕಾಲು ಕಿಲೋ ತೂಕ, ಮೇಲೆ ಪ್ರತಿ 10 ಸೆಂ.ಮೀ.ಗೆ ಗಂಟು ಹಾಕಿದ ಹಗ್ಗ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ಒಳಗೆ, ತೆಪ್ಪದ ನೆರಳಿನ ಕಡೆ ಇಳಿಸಿ. ಮರೆಯಾದ ಆಳ, ಎತ್ತುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆದಿಡಿ. ನಿಮ್ಮದು ಈಗ ಅರ್ಧ ಮೀಟರಿಗಿಂತ ಕಮ್ಮಿ ತೋರಿಸಬಹುದು. ಹಗ್ಗ ನೈಲಾನ್ ಬೇಡ, ನೆಂದಾಗ ಹಿಗ್ಗುತ್ತೆ.